ಪಾಸ್‌ವರ್ಡ್ ನನ್ನದು, ಪೆಟ್ಟಿಗೆ ಯಾರದು?

ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಇಮೇಲ್ ಮುಂದೆ ಕೂತು ದುಡಿಯುವವರಲ್ಲಿ ಹೆಚ್ಚಿನವರನ್ನು ಮೂರು ಗುಂಪು ಮಾಡಬಹುದು. ತಹಶೀಲ್ದಾರ್ ಕಚೇರಿ, ಬ್ರಿಮ್ಸ್ ಆಸ್ಪತ್ರೆ, ವಿಶ್ವವಿದ್ಯಾಲಯಗಳ ಸರ್ಕಾರಿ ಮತ್ತು ಹೊರಗುತ್ತಿಗೆ ಸಿಬ್ಬಂದಿ ಒಂದು ಗುಂಪು. ಬ್ಯಾಂಕು, ಖಾಸಗಿ ಕಾಲೇಜು, ಕೊಳಾರ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳವರು ಇನ್ನೊಂದು. ಹೈದರಾಬಾದ್, ಪುಣೆ, ಬೆಂಗಳೂರಿನ ಕಂಪನಿಯ ಲ್ಯಾಪ್‌ಟಾಪನ್ನು ಮನೆಗೇ ತಂದುಕೊಂಡು ಕೆಲಸ ಮಾಡುವ ಎಂಜಿನಿಯರ್‌ಗಳು ಮತ್ತೊಂದು. ಈ ಮೂರೂ ಕಡೆ ನೌಕರರು ನಂಬಿರುವುದು ಹೀಗೆ: ಇಮೇಲ್ ನನ್ನ ಹೆಸರಿನಲ್ಲಿದೆ, ಪಾಸ್‌ವರ್ಡ್ ನನಗೊಬ್ಬನಿಗೇ ಗೊತ್ತು, ಹಾಗಾಗಿ ಬೇರೆಯವರು ಓದುವಂತಿಲ್ಲ. ಮಾಲೀಕರ ನಂಬಿಕೆ ಇದಕ್ಕೆ ತದ್ವಿರುದ್ಧ: ಕಂಪ್ಯೂಟರ್ ನಮ್ಮದು, ನೆಟ್ ನಮ್ಮದು, ಸಂಬಳವೂ ನಮ್ಮದು, ಏನು ಬೇಕಾದರೂ ನೋಡುತ್ತೇವೆ. ಎರಡೂ ತಪ್ಪು. ಯಾರ ಸ್ವತ್ತು ಎಂದು ಗೊತ್ತಾದರೆ ಯಾರು ಓದಬಹುದು ಎಂಬುದೂ ತೀರ್ಮಾನವಾಯಿತು ಎಂದುಕೊಳ್ಳುವುದರಲ್ಲೇ ಎರಡೂ ಎಡವುತ್ತವೆ. ನಿಜಕ್ಕೂ ಕೇಳಬೇಕಾದ್ದು ಬೇರೆ: ನೋಡುತ್ತೇವೆ ಎಂದು ಮೊದಲೇ ತಿಳಿಸಿದ್ದರೇ? ಯಾವ ಕೆಲಸಕ್ಕಾಗಿ ನೋಡಿದರು?

ನೌಕರರ ನಂಬಿಕೆಯನ್ನು ಮೊದಲು ಪರೀಕ್ಷಿಸೋಣ. ಆಫೀಸ್ ಇಮೇಲ್ ಇರುವುದು ಮೇಜಿನ ಮೇಲಿನ ಕಂಪ್ಯೂಟರಿನಲ್ಲಲ್ಲ, ಸಂಸ್ಥೆ ಹಣ ಕಟ್ಟಿ ಪಡೆದ ಸರ್ವರಿನಲ್ಲಿ. ಅದರ ಅಡ್ಮಿನ್‌ಗೆ ನಿಮ್ಮ ಪಾಸ್‌ವರ್ಡ್ ತಿಳಿದಿರಬೇಕಾಗಿಲ್ಲ, ಬೇಕೆನಿಸಿದರೆ ಹೊಸದನ್ನೇ ಹಾಕಬಲ್ಲರು. ಗೂಗಲ್ ವರ್ಕ್‌ಸ್ಪೇಸ್ ಬಳಸುವ ಕಡೆ ಅಡ್ಮಿನ್ ‘ಇಮೇಲ್ ಲಾಗ್ ಸರ್ಚ್’ ತೆರೆದರೆ ಯಾರಿಂದ ಯಾರಿಗೆ, ಎಷ್ಟು ಗಂಟೆಗೆ, ಯಾವ ವಿಷಯದ ಪತ್ರ ಹೋಯಿತು, ತಲುಪಿತೋ ಇಲ್ಲವೋ ಎಂಬುದೆಲ್ಲ ಸಾಲಾಗಿ ಕಾಣುತ್ತದೆ. ‘ವಾಲ್ಟ್’ ಸೌಲಭ್ಯ ಪಡೆದು ಪತ್ರಗಳನ್ನು ಉಳಿಸಿಡುವ ನಿಯಮ ಹಾಕಿದ್ದರಂತೂ ನೌಕರರು ಅಳಿಸಿ, ಟ್ರ್ಯಾಶ್‌ನಿಂದಲೂ ತೆಗೆದುಹಾಕಿದ ಪತ್ರ ಅಲ್ಲಿ ಹಾಗೇ ಇರುತ್ತದೆ. ಭಾಲ್ಕಿಯ ಮನೆಯಲ್ಲಿ ಸ್ವಂತ ವೈಫೈ ಬಳಸುತ್ತೇನೆ ಎಂಬ ಸಮಾಧಾನವೂ ನಿಲ್ಲದು, ಏಕೆಂದರೆ ನಿಗಾ ಇಡುವ ತಂತ್ರಾಂಶ ಕಂಪನಿ ಲ್ಯಾಪ್‌ಟಾಪಿನ ಒಳಗೇ ಕೂತಿರಬಹುದು. ಇನ್ನೊಂದು ಕಡೆ, ಆಫೀಸ್ ವೈಫೈ ಬಳಸಿದರೆ ಸ್ವಂತ ಫೋನಿನ ವಾಟ್ಸ್‌ಆ್ಯಪ್ ಮಾತುಗಳನ್ನು ಬಾಸ್ ಓದುತ್ತಾರೆ ಎಂಬ ಅಂಜಿಕೆ ಹುಸಿ. ನೀವು ವಾಟ್ಸ್‌ಆ್ಯಪ್ ಬಳಸಿದ್ದು ಗೊತ್ತಾದೀತು, ಬರೆದದ್ದು ಗೊತ್ತಾಗದು. ಆದರೆ ಅದೇ ವಾಟ್ಸ್‌ಆ್ಯಪನ್ನು ಕಂಪನಿ ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟರೆ, ಪರದೆಯ ಚಿತ್ರ ತೆಗೆಯುವ ತಂತ್ರಾಂಶಕ್ಕೆ ನಿಮ್ಮ ಕಣ್ಣಿಗೆ ಕಂಡದ್ದೆಲ್ಲ ಕಾಣುತ್ತದೆ.

‘ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟೇ ಹೇಳಿದೆಯಲ್ಲ’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಹೇಳಿರುವುದು ನಿಜ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹಾಗೆ ತೀರ್ಪಿತ್ತಿತು. ಆದರೆ ಆ ಹಕ್ಕಿಗೆ ಮಿತಿಗಳಿವೆ ಎಂದೂ ಅದೇ ತೀರ್ಪು ಹೇಳುತ್ತದೆ. ಜೊತೆಗೆ, ಮೂಲಭೂತ ಹಕ್ಕುಗಳನ್ನು ಮುಖ್ಯವಾಗಿ ಸರ್ಕಾರದ ವಿರುದ್ಧ ಚಲಾಯಿಸುವುದು. ಖಾಸಗಿಯವರ ವಿರುದ್ಧವೂ ಈ ಹಕ್ಕಿನ ನೆಲೆಯಾದ ಸಂವಿಧಾನದ 21ನೇ ವಿಧಿಯನ್ನು ಚಲಾಯಿಸಬಹುದು ಎಂದು 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಬಹುಮತದ ತೀರ್ಪು ಬಂತು, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅದಕ್ಕೆ ಭಿನ್ನಮತ ಬರೆದರು. ಹೀಗಾಗಿ ಔರಾದ್‌ನ ಸರ್ಕಾರಿ ನೌಕರರು ಈ ಹಕ್ಕನ್ನು ನೇರವಾಗಿ ಮುಂದಿಡಬಹುದಾದರೂ, ಕೊಳಾರದ ಕಾರ್ಖಾನೆಯ ಗುಮಾಸ್ತರಿಗೆ ಅದರಿಂದ ಗೆಲುವು ಖಚಿತ ಎಂದು ಯಾವ ವಕೀಲರೂ ಮಾತು ಕೊಡಲಾರರು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಇಲ್ಲಿ ಕೈಹಿಡಿಯುವುದು ಕಷ್ಟ. ಕಂಪ್ಯೂಟರಿನ ಮಾಲೀಕರ ಅಥವಾ ಅದರ ಹೊಣೆ ಹೊತ್ತವರ ಅನುಮತಿಯಿಲ್ಲದೆ ಒಳಹೊಕ್ಕುವುದನ್ನು ಅದರ 43ನೇ ಕಲಂ ತಡೆಯುತ್ತದೆ, ಆಫೀಸಿನಲ್ಲಿ ಆ ಮಾಲೀಕ ಸಂಸ್ಥೆಯೇ.

ಹಾಗಾದರೆ ಮಾಲೀಕರ ವಾದ ಗೆದ್ದಿತೇ? ಇಲ್ಲ, ಅವರ ಸ್ವತ್ತು ಆಫೀಸ್ ಖಾತೆಗೆ ನಿಲ್ಲುತ್ತದೆ. ನೌಕರರು ಆಫೀಸ್ ಕಂಪ್ಯೂಟರಿನ ಬ್ರೌಸರಿನಲ್ಲಿ ತಮ್ಮ ಸ್ವಂತ ಜಿಮೇಲ್ ಪಾಸ್‌ವರ್ಡ್ ಉಳಿಸಿ ಊಟಕ್ಕೆ ಹೋದರು ಎನ್ನಿ. ಆ ಪಾಸ್‌ವರ್ಡ್‌ನಿಂದ ಮ್ಯಾನೇಜರ್ ಜಿಮೇಲ್ ತೆರೆದರೆ ಅವರು ಹೊಕ್ಕದ್ದು ಗೂಗಲ್‌ನಲ್ಲಿರುವ ಬೇರೆಯವರ ಪೆಟ್ಟಿಗೆಗೆ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಮೇಜು ಕಂಪನಿಯದು ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಆಫೀಸ್ ಖಾತೆಯೊಳಗೇ ಎಷ್ಟು ನೋಡಬಹುದು ಎಂಬ ಪ್ರಶ್ನೆಗೆ ಭಾರತದ ಕೋರ್ಟುಗಳಿಗಿಂತ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಸ್ಪಷ್ಟ ಉತ್ತರ ಕೊಟ್ಟಿದೆ. ರೊಮೇನಿಯಾದ ಬೊಗ್ಡಾನ್ ಬರ್ಬುಲೆಸ್ಕು ಎಂಬ ಎಂಜಿನಿಯರ್ ಗ್ರಾಹಕರಿಗೆ ಉತ್ತರಿಸಲೆಂದು ಕಂಪನಿಯ ಸೂಚನೆಯಂತೆ ಯಾಹೂ ಮೆಸೆಂಜರ್ ಖಾತೆ ತೆರೆದಿದ್ದ. 2007ರ ಜುಲೈನಲ್ಲಿ ಕಂಪನಿ ಅದನ್ನು ಕದ್ದು ಓದಿ, ಅವನು ಸಹೋದರನಿಗೂ ಮದುವೆಯಾಗಬೇಕಿದ್ದ ಹುಡುಗಿಗೂ ಬರೆದದ್ದನ್ನು ಸೇರಿಸಿ 45 ಪುಟ ಮುದ್ರಿಸಿತು, ಮುಂದಿನ ತಿಂಗಳು ಕೆಲಸದಿಂದ ತೆಗೆಯಿತು. ಸ್ವಂತ ಬಳಕೆ ಕೂಡದು ಎಂಬ ನಿಯಮ ಅವನಿಗೆ ಗೊತ್ತಿತ್ತು, ಅದನ್ನು ಮುರಿದದ್ದೂ ಹೌದು. ಆದರೂ 2017ರ ಸೆಪ್ಟೆಂಬರ್ 5ರಂದು, ಅಂದರೆ ಪುಟ್ಟಸ್ವಾಮಿ ತೀರ್ಪಿನ ಹನ್ನೆರಡು ದಿನಗಳ ನಂತರ, 11–6 ಬಹುಮತದಿಂದ ತೀರ್ಪು ಅವನ ಪರ ಬಂತು. ಬರಹದ ಒಳಗನ್ನೇ ಓದುತ್ತೇವೆ ಎಂದು ಮೊದಲೇ ತಿಳಿಸಿದ್ದರೇ, ಕಡಿಮೆ ಒಳನುಗ್ಗುವ ದಾರಿ ಇತ್ತೇ ಎಂದು ರೊಮೇನಿಯಾದ ಕೋರ್ಟುಗಳು ಸರಿಯಾಗಿ ಪರಿಶೀಲಿಸಿರಲಿಲ್ಲ ಎಂಬುದು ಕಾರಣ. ಆ ತೀರ್ಪು ನಮ್ಮನ್ನು ಕಟ್ಟಿಹಾಕದು, ಆದರೆ ಆ ಪ್ರಶ್ನೆಗಳು ಇಲ್ಲಿಗೂ ಸಲ್ಲುತ್ತವೆ.

‘ನನ್ನ ಒಪ್ಪಿಗೆ ಇಲ್ಲದೆ ನೋಡುವಂತಿಲ್ಲ, ಹೊಸ ಕಾಯ್ದೆ ಬಂದಿದೆ’ ಎನ್ನುವವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಂ ಓದಬೇಕು. ಉದ್ಯೋಗದ ಉದ್ದೇಶಕ್ಕೆ, ಅಥವಾ ವ್ಯಾಪಾರದ ಗುಟ್ಟು ಸೋರುವಂಥ ನಷ್ಟದಿಂದ ಸಂಸ್ಥೆಯನ್ನು ಕಾಯಲು, ಒಪ್ಪಿಗೆಯೇ ಇಲ್ಲದೆ ನೌಕರರ ಮಾಹಿತಿ ಬಳಸಲು ಅದು ಅವಕಾಶ ಕೊಡುತ್ತದೆ. ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಆ ಕಾಯ್ದೆಯಲ್ಲಿ ಮುಂಚಿತವಾಗಿ ತಿಳಿಸುವ ನೋಟಿಸೂ, ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ಎಂದು ಕೇಳುವ ಹಕ್ಕೂ ಒಪ್ಪಿಗೆಯ ಜೊತೆ ತಳಕು ಹಾಕಿಕೊಂಡಿವೆ. ಒಪ್ಪಿಗೆ ಬೇಡ ಎಂದಾದ ಕೂಡಲೇ ಅವೂ ಕೈತಪ್ಪುತ್ತವೆ. ನೌಕರರಿಗೆ ಉಳಿಯುವುದು ಮಾಹಿತಿಯನ್ನು ಭದ್ರವಾಗಿಡುವ ಸಂಸ್ಥೆಯ ಹೊಣೆ ಮತ್ತು ದೂರು ಕೊಡುವ ದಾರಿ. ಈ ಕಾಯ್ದೆಯ ದೊಡ್ಡ ಹುಳುಕು ಇದೇ ಎಂಬುದು ನನ್ನ ಅಭಿಪ್ರಾಯ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕಲಂಗಳ ಜಾರಿಗೆ 18 ತಿಂಗಳ ಕಾಲಾವಕಾಶ ಇಡಲಾಗಿದೆ.

ಸರ್ಕಾರಿ ಕಚೇರಿಯ ಇಮೇಲ್ ಗುಟ್ಟು ಎಂಬ ತಿಳಿವಳಿಕೆಯೂ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯ 2(ಎಫ್) ಕಲಂ ‘ಮಾಹಿತಿ’ ಎಂದರೇನು ಎಂದು ಹೇಳುವಾಗ ಇಮೇಲ್ ಅನ್ನು ಹೆಸರಿಟ್ಟು ಸೇರಿಸಿದೆ. ವೈಯಕ್ತಿಕ ಮಾಹಿತಿಗೆ 8ನೇ ಕಲಂನಲ್ಲಿ ವಿನಾಯಿತಿ ಇದ್ದರೂ, ಕೆಲಸದ ಪತ್ರ ಕಡತದ ಕಾಗದದಷ್ಟೇ ಸಾರ್ವಜನಿಕ. ಇಲ್ಲಿ ಹೆಚ್ಚು ಸಿಕ್ಕಿಬೀಳಬಹುದಾದವರು ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್‌ಗಳು. ಅವರ ಸಂಬಳ ಏಜೆನ್ಸಿಯದು, ಕೆಲಸ ಇಲಾಖೆಯದು. ಸಾಹೇಬರ ಲಾಗಿನ್‌ನಲ್ಲಿ ಆಪರೇಟರ್ ಕೂತರೆ ಸರ್ವರಿನ ದಾಖಲೆಯಲ್ಲಿ ಬೀಳುವುದು ಸಾಹೇಬರ ಹೆಸರು, ಕೀಲಿ ಒತ್ತಿದವರ ಹೆಸರಲ್ಲ. ನಾಳೆ ವಿಚಾರಣೆ ಬಂದರೆ ಇಬ್ಬರಿಗೂ ಫಜೀತಿ.

‘ತಪ್ಪು ಮಾಡದವರಿಗೆ ಅಂಜಿಕೆ ಯಾಕ್ರಿ?’ ಎಂಬ ಆಕ್ಷೇಪಕ್ಕೆ ಭಾಲ್ಕಿಯಲ್ಲೇ ಉತ್ತರವಿದೆ. ನಿಜಾಮರ ಆಳ್ವಿಕೆಯಲ್ಲಿ ಅಲ್ಲಿನ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಅವರಿಗೆ ಮುಚ್ಚಿಡಬೇಕಾದದ್ದು ಇತ್ತು, ಮಾಡಿದ್ದು ತಪ್ಪಾಗಿರಲಿಲ್ಲ. ಸಂಘ ಕಟ್ಟುವವರು, ಮೇಲಧಿಕಾರಿಯ ಕಿರುಕುಳದ ಬಗ್ಗೆ ಸಲಹೆ ಕೇಳುವವರು, ಕಾಯಿಲೆಯನ್ನು ಹೇಳಿಕೊಳ್ಳದವರು ಇಂದಿಗೂ ಅಂಥವರೇ. ಮಾಲೀಕರ ಕಡೆಯ ಆಕ್ಷೇಪಗಳಿಗೆ ಹೆಚ್ಚು ತೂಕವಿದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ದೂರು ಬಂದರೆ ಆಫೀಸ್ ಇಮೇಲೇ ಸಾಕ್ಷ್ಯವಾಗಬಹುದು, ಆಗ ನೋಡಲೇಬೇಕಾಗುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಆದರೆ ಇಟ್ಟುಕೊಳ್ಳುವುದೂ ಕೂತು ಓದುವುದೂ ಒಂದೇ ಅಲ್ಲ. ಮೊದಲೇ ಹೇಳಿದರೆ ಕಳ್ಳ ಎಚ್ಚರವಾಗುತ್ತಾನೆ ಎನ್ನುವವರು ಒಂದನ್ನು ಮರೆಯುತ್ತಾರೆ: ತಿಳಿಸಬೇಕಾದ್ದು ನಿಗಾ ಇರುತ್ತದೆ ಎಂಬುದನ್ನು, ಯಾವ ದಿನ ಯಾರದನ್ನು ತೆರೆಯುತ್ತೇವೆ ಎಂಬುದನ್ನಲ್ಲ.

ಹತ್ತು ಜನರ ಅಂಗಡಿಗೆ ಇಷ್ಟೆಲ್ಲ ಎಲ್ಲಿ ಸಾಧ್ಯ ಎಂದರೆ, ಒಂದು ಪುಟದ ಕನ್ನಡ ಕಾಗದ ಸಾಕು. ಆಫೀಸ್ ಖಾತೆಯನ್ನು ಸ್ವಂತಕ್ಕೆ ಬಳಸಬಹುದೇ, ಬರೀ ಲಾಗ್ ನೋಡುತ್ತೀರೋ ಪತ್ರದ ಒಳಗನ್ನೂ ಓದುತ್ತೀರೋ, ಯಾರ ಅನುಮತಿ ಪಡೆದು, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಕೆಲಸ ಬಿಟ್ಟವರ ಖಾತೆ ಏನಾಗುತ್ತದೆ ಎಂಬುದು ಅದರಲ್ಲಿರಬೇಕು. ನೇಮಕಾತಿ ಪತ್ರದಲ್ಲಿ ಇದಿಲ್ಲದಿದ್ದರೆ ನೌಕರರು ಕೇಳಿ ಪಡೆಯಬಹುದು. ಈಗಾಗಲೇ ಕೆಲಸದಲ್ಲಿರುವವರಿಂದಲೂ ಸಹಿ ಪಡೆದು ಒಂದು ಪ್ರತಿ ಕೊಡಲು ಯಾವ ಅಡ್ಡಿಯೂ ಇಲ್ಲ.