ಕೊನೆಯ ಅರ್ಧ ಕಿಲೋ ನೀರು

ನಾರ್ವೆಯ ಬ್ರೆವಿಕ್ ಸಿಮೆಂಟ್ ಕಾರ್ಖಾನೆಯ ಘಟಕ ವರ್ಷಕ್ಕೆ 4 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಹಿಡಿಯಬಲ್ಲದು. ಅಮೀನ್ ದ್ರಾವಣದಿಂದ ಬಿಡಿಸಿಕೊಂಡ ಈ ಅನಿಲ ಒದ್ದೆ. 40 ಡಿಗ್ರಿ ಶಾಖ, 2 ಬಾರ್ ಒತ್ತಡ ಎಂದಿಟ್ಟುಕೊಂಡು ನಾನು ಹಾಕಿದ ಲೆಕ್ಕದಲ್ಲಿ ಟನ್ನಿಗೆ ಸುಮಾರು 16 ಕಿಲೋ ನೀರು. ವರ್ಷಕ್ಕೆ 6,000 ಟನ್ ದಾಟುತ್ತದೆ, ಅಂದರೆ 10,000 ಲೀಟರಿನ 600 ಟ್ಯಾಂಕರ್! ಅನಿಲವನ್ನು ಸಾಗಿಸುವ ಹಡಗಿಗೆ ತುಂಬುವಾಗ ಅದರಲ್ಲಿ ಉಳಿಯಬಹುದಾದದ್ದು 30 ಪಿಪಿಎಂ ಮಾತ್ರ, ಅಂದರೆ ಹತ್ತು ಲಕ್ಷ ಅಣುಗಳಲ್ಲಿ 30. ತೂಕದಲ್ಲಿ ಟನ್ನಿಗೆ 12 ಗ್ರಾಂ, ಎರಡೂವರೆ ಟೀ ಚಮಚ.

ಬಟ್ಟೆ ಹಿಂಡಿದರೆ ಬಹುಪಾಲು ನೀರು ಇಳಿಯುತ್ತದೆ, ಉಳಿದ ಪಸೆಗೆ ಬಿಸಿಲೇ ಬೇಕು. ಇಲ್ಲಿಯೂ ಹಾಗೆಯೇ. 30 ಬಾರ್‌ಗೆ ಒತ್ತಿ 30 ಡಿಗ್ರಿಗೆ ತಣಿಸಿದರೆ ಟನ್ನಿಗೆ 0.6 ಕಿಲೋ ಉಳಿಯುತ್ತದೆ. ಶೇ 96 ಹೋಯಿತು, ಅದೂ ಪುಕ್ಕಟೆ. ಒತ್ತುವ ಕೆಲಸ ಹೇಗೂ ಮಾಡಲೇಬೇಕಿತ್ತಲ್ಲ.

ಮಿಕ್ಕಿದ್ದನ್ನು ಹೀರಲು ಝಿಯೊಲೈಟ್ ಗುಂಡುಗಳು. ಗಂಟೆಗೆ 45 ಟನ್ ಅನಿಲ ಹಾಯ್ದರೆ 26 ಕಿಲೋ ನೀರು, ಎಂಟು ಗಂಟೆಗೆ 210 ಕಿಲೋ. ತೂಕದ ಹತ್ತನೇ ಒಂದು ಪಾಲು ಹೀರುತ್ತವೆ ಎಂದರೂ ಒಂದು ಪಾತ್ರೆಗೆ 2 ಟನ್ ಗುಂಡು ಸಾಕು. ಒಂದು ಪಾತ್ರೆ ಹೀರುವಾಗ ಇನ್ನೊಂದನ್ನು 200 ಡಿಗ್ರಿಗೂ ಮೇಲೆ ಕಾಯಿಸಿ ಒಣಗಿಸುತ್ತಾರೆ. ಅದಕ್ಕೆ ಗಂಟೆಗೆ 60 ಯೂನಿಟ್ ಎಂದು ನನ್ನ ಅಂದಾಜು. ಅನಿಲ ಒತ್ತಲು ಟನ್ನಿಗೆ 100 ಯೂನಿಟ್‌ನ ರೂಢಿಯ ಲೆಕ್ಕ ಹಿಡಿದರೆ ಅದೇ ಗಂಟೆಯಲ್ಲಿ 4,500 ಯೂನಿಟ್. ಒಣಗಿಸುವ ಖರ್ಚಿನ ಬಗ್ಗೆ ಗೊಣಗುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಒಣಗಿಸದಿದ್ದರೆ? ನೀರು ಬೇರ್ಪಟ್ಟು ಕಾರ್ಬಾನಿಕ್ ಆಮ್ಲವಾಗುತ್ತದೆ. ಸಾಮಾನ್ಯ ಉಕ್ಕಿನ ಕೊಳವೆ ವರ್ಷಕ್ಕೆ ಹಲವು ಮಿಲಿಮೀಟರ್ ಸವೆಯಬಹುದು. 1996ರಿಂದ ಈ ಅನಿಲವನ್ನು ಕಡಲಡಿ ಹೂಳುತ್ತಿರುವ ನಾರ್ವೆಯದೇ ಸ್ಲೈಪ್ನರ್ ನೈಸರ್ಗಿಕ ಅನಿಲ ನೆಲೆಯಲ್ಲಿ ಒಣಗಿಸುವ ಗೋಜೇ ಇಲ್ಲ. ವೇದಿಕೆಯಿಂದಲೇ ಬಾವಿಗೆ ಇಳಿಸುವುದರಿಂದ ತುಕ್ಕು ಹಿಡಿಯದ ದುಬಾರಿ ಉಕ್ಕು ಅಲ್ಲಿ ಗಿಟ್ಟುತ್ತದೆ. ಅಲ್ಲಿನದೇ ಇನ್ನೊಂದು ಅನಿಲ ನೆಲೆ ಸ್ನೋವಿಟ್‌ನಲ್ಲಿ ಸಮುದ್ರದಡಿ ಸುಮಾರು 150 ಕಿಲೋಮೀಟರ್ ಕೊಳವೆ. ಅಷ್ಟುದ್ದಕ್ಕೂ ಆ ಉಕ್ಕು ಹಾಸುವವರು ಯಾರು? 2008ರಿಂದ ಅಲ್ಲಿ ಒಣಗಿಸಿಯೇ ಕಳಿಸುತ್ತಿದ್ದಾರೆ.

ಅಮೆರಿಕದ ಹಳೆಯ ಕೊಳವೆ ಕರಾರುಗಳಲ್ಲಿ 600 ಪಿಪಿಎಂ ದಾಟಿದರೂ ನಡೆಯುತ್ತದೆ, ಬ್ರೆವಿಕ್‌ನ 20 ಪಟ್ಟು. ಅದನ್ನು ಉಡಾಫೆ ಎನ್ನಲಾಗದು. ನೂರು ಬಾರ್ ಆಸುಪಾಸಿನ ಒತ್ತಡ, ನೆಲದ ಸಹಜ ಶಾಖದಲ್ಲಿ ಅಷ್ಟು ನೀರು ಅನಿಲದಲ್ಲೇ ಕರಗಿರುತ್ತದೆ. ಬ್ರೆವಿಕ್‌ನದು ಹೋಗುವುದು 15 ಬಾರ್, ಮೈನಸ್ 26 ಡಿಗ್ರಿಯ ಹಡಗಿನಲ್ಲಿ. ಆ ಚಳಿಯಲ್ಲಿ 600 ಪಿಪಿಎಂ ನೀರು ಮಂಜುಗಡ್ಡೆಯಂಥ ಹೈಡ್ರೇಟ್ ಆಗಿ ವಾಲ್ವುಗಳಲ್ಲಿ ಕಚ್ಚಿಕೊಳ್ಳುತ್ತದೆ.