ಇಂಗ್ಲಿಷ್ ವಾಕ್ಯಭೇದಗಳ ಬೋಧನೆ: ಗಡಿನಾಡ ಕನ್ನಡ ಶಾಲೆಯ ದೃಷ್ಟಿಯಿಂದ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಬಾಲಗಾಂವ ಆಡಳಿತದಲ್ಲಿ ಮಹಾರಾಷ್ಟ್ರಕ್ಕೆ ಸೇರಿದ್ದರೂ ಮಾತಿನಲ್ಲಿ ಕನ್ನಡದ ಊರು. ಇಂಥ ಊರಿನ ಮಗು ಮನೆಯಲ್ಲಿ ಕನ್ನಡವನ್ನಾಡುತ್ತದೆ. ಕಚೇರಿಯಲ್ಲಿ, ಬಸ್ಸಿನ ಫಲಕದಲ್ಲಿ ಮರಾಠಿಯನ್ನು ಕಾಣುತ್ತದೆ. ಮಹಾರಾಷ್ಟ್ರದಲ್ಲಿ 2000ದಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಕಲಿಕೆ ಆರಂಭವಾಗುವುದರಿಂದ, ಮೂರನೆಯ ಭಾಷೆಯೂ ಎಳವೆಯಲ್ಲಿಯೇ ಎದುರಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಒಲಿಯದೆಂಬ ಅಳುಕು ಪಾಲಕರಲ್ಲಿ ಸಾಮಾನ್ಯ. ವಾಕ್ಯಭೇದಗಳ ಪಾಠವೊಂದನ್ನೇ ಪರಿಶೀಲಿಸಿದರೂ, ಕನ್ನಡವು ಆ ಕಲಿಕೆಗೆ ತೊಡಕಲ್ಲ, ಆಧಾರ ಎಂಬುದು ಮನವರಿಕೆಯಾಗುತ್ತದೆ.

ಇಂಗ್ಲಿಷ್ ವ್ಯಾಕರಣವು ಅರ್ಥದ ದೃಷ್ಟಿಯಿಂದ ವಾಕ್ಯಗಳನ್ನು ಹೇಳಿಕೆ, ಪ್ರಶ್ನೆ, ಆಜ್ಞೆ, ಉದ್ಗಾರ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಈ ನಾಲ್ಕೂ ಮಗುವಿಗೆ ಹೊಸವಲ್ಲ. ಶಾಲೆಗೆ ಬರುವ ಮೊದಲೇ ಅದು ಕೇಳಿದೆ, ಬೇಡಿದೆ, ಬೆರಗಾಗಿದೆ. ಹೊಸದಾಗಿರುವುದು ಆ ಭೇದವನ್ನು ಇಂಗ್ಲಿಷ್ ತೋರಿಸುವ ರೀತಿ ಮಾತ್ರ.

‘ಮಳೆ ಬರುತ್ತಿದೆ’ ಎಂಬ ಹೇಳಿಕೆ ಕನ್ನಡದಲ್ಲಿ ‘ಮಳೆ ಬರುತ್ತಿದೆಯೇ?’ ಎಂದು ಪ್ರಶ್ನೆಯಾಗುತ್ತದೆ. ಪದಗಳ ಸ್ಥಾನ ಕದಲುವುದಿಲ್ಲ. ಕೊನೆಗೊಂದು ಪ್ರತ್ಯಯ ಸೇರುತ್ತದೆ. ಮರಾಠಿಯಲ್ಲಿಯೂ ‘ಪಾವೂಸ ಪಡತ ಆಹೇ’ ಎಂಬುದಕ್ಕೆ ‘ಕಾ’ ಸೇರಿದರೆ ಪ್ರಶ್ನೆ ಸಿದ್ಧ. ಹೀಗೆ ಮಗು ಬಲ್ಲ ಎರಡು ಭಾಷೆಗಳಲ್ಲಿಯೂ ಪ್ರಶ್ನೆಯ ಗುರುತು ಸಾಮಾನ್ಯವಾಗಿ ವಾಕ್ಯದ ತುದಿಯಲ್ಲಿದೆ. ಇಂಗ್ಲಿಷಿನಲ್ಲಿ ‘ಇಟ್ ಈಸ್ ರೇನಿಂಗ್’ ಎಂಬುದು ‘ಈಸ್ ಇಟ್ ರೇನಿಂಗ್?’ ಎಂದಾಗಬೇಕು, ಸಹಾಯಕ ಕ್ರಿಯಾಪದ ಕರ್ತೃವನ್ನು ದಾಟಿ ಮೊದಲಿಗೆ ಬರಬೇಕು. ‘ವೇರ್ ಯು ಆರ್ ಗೋಯಿಂಗ್?’ ಎಂದು ಮಗು ಕೇಳುವುದು ಅಜ್ಞಾನದಿಂದಲ್ಲ. ‘ನೀನು ಎಲ್ಲಿಗೆ ಹೋಗುತ್ತಿದ್ದೀಯೆ?’ ಎಂಬಲ್ಲಿ ಕ್ರಿಯಾಪದವನ್ನು ಕದಲಿಸುವ ಅಗತ್ಯವೇ ಇಲ್ಲದಿರುವುದರಿಂದ.

ಸಹಾಯಕ ಕ್ರಿಯಾಪದವಿಲ್ಲದ ವಾಕ್ಯದಲ್ಲಿ ತೊಡಕು ಹೆಚ್ಚು. ‘ಶೀ ಸಿಂಗ್ಸ್’ ಎಂಬುದು ‘ಡಸ್ ಶೀ ಸಿಂಗ್?’ ಎಂದಾಗುವಾಗ, ಕ್ರಿಯಾಪದದ ಕೊನೆಯಲ್ಲಿದ್ದ ‘ಸ್’ಕಾರವನ್ನು ಹೊರುವ ಕೆಲಸ ‘ಡಸ್’ ಪದಕ್ಕೆ ಬರುತ್ತದೆ. ಇದನ್ನು ತೋರಿಸಿಕೊಡದಿದ್ದರೆ ‘ಡಸ್ ಶೀ ಸಿಂಗ್ಸ್?’ ಎಂಬ ತಪ್ಪು ಉಳಿದೇಬಿಡುತ್ತದೆ.

ಆಜ್ಞಾರ್ಥದಲ್ಲಿ ಸಮಸ್ಯೆ ಬೇರೆ. ‘ಬಾ’ ಎಂಬುದಕ್ಕೂ ಹಿರಿಯರಿಗೆ ಹೇಳುವ ‘ಬರ್ರಿ’ ಎಂಬುದಕ್ಕೂ ಇರುವ ಅಂತರವನ್ನು ಈ ಸೀಮೆಯ ಮಗು ಚೆನ್ನಾಗಿ ಬಲ್ಲದು. ಇಂಗ್ಲಿಷಿನ ‘ಕಮ್’ ಎಂಬ ರೂಪದಲ್ಲಿ ಆ ಅಂತರವಿಲ್ಲ. ‘ರಿ’ಕಾರದ ಗೌರವವನ್ನು ಅಲ್ಲಿ ‘ಪ್ಲೀಸ್’ ಎಂಬ ಪದವೋ ‘ವುಡ್ ಯು ಕಮ್?’ ಎಂಬ ಪ್ರಶ್ನಾರೂಪವೋ ಹೊರಬೇಕು. ರೂಪದಲ್ಲಿ ಪ್ರಶ್ನೆಯಾದದ್ದು ಆಶಯದಲ್ಲಿ ಕೋರಿಕೆಯಾಗಬಲ್ಲದೆಂಬುದೂ ಇಲ್ಲಿಯೇ ತಿಳಿಯುತ್ತದೆ.

ಉದ್ಗಾರದಲ್ಲಿ ಪದಕ್ರಮದ ಮಹತ್ವ ಇನ್ನೂ ಸ್ಪಷ್ಟ. ‘ಹೌ ಟಾಲ್ ಈಸ್ ಹೀ?’ ಎಂಬುದು ಪ್ರಶ್ನೆ. ‘ಹೌ ಟಾಲ್ ಹೀ ಈಸ್!’ ಎಂಬುದು ಬೆರಗು. ಪದಗಳು ಅವೇ, ಕ್ರಮ ಬೇರೆ. ಕನ್ನಡದ ‘ಎಷ್ಟು ಎತ್ತರ’ ಎಂಬ ಮಾತು ಎರಡಕ್ಕೂ ಸಲ್ಲುತ್ತದೆ; ಭೇದವನ್ನು ದನಿಯೇ ತೋರಿಸುತ್ತದೆ.

ಆದುದರಿಂದ ಬೋಧನೆ ವ್ಯಾಖ್ಯೆಯಿಂದಲ್ಲ, ಹೋಲಿಕೆಯಿಂದ ಆರಂಭವಾಗುವುದು ಲೇಸು. ‘ಇಟ್’, ‘ಈಸ್’, ‘ರೇನಿಂಗ್’ ಎಂದು ಬರೆದ ಮೂರು ರಟ್ಟುಗಳನ್ನು ಮೂವರು ಮಕ್ಕಳ ಕೈಗೆ ಕೊಟ್ಟು ಸಾಲಾಗಿ ನಿಲ್ಲಿಸಬೇಕು. ಮೊದಲ ಇಬ್ಬರು ಸ್ಥಾನ ಬದಲಿಸಿಕೊಂಡೊಡನೆ ಹೇಳಿಕೆ ಪ್ರಶ್ನೆಯಾಗುವುದನ್ನು ತರಗತಿ ಕಣ್ಣಾರೆ ಕಾಣುತ್ತದೆ. ಬಳಿಕ ಕನ್ನಡದ ‘ಮಳೆ’, ‘ಬರುತ್ತಿದೆ’ ಎಂಬ ರಟ್ಟುಗಳನ್ನು ಹಿಡಿಸಿ, ‘ಏ’ ಎಂಬ ರಟ್ಟು ಹಿಡಿದ ಮತ್ತೊಂದು ಮಗುವನ್ನು ಕೊನೆಯಲ್ಲಿ ನಿಲ್ಲಿಸಬೇಕು. ಒಂದು ಭಾಷೆಯಲ್ಲಿ ಸ್ಥಳ ಬದಲಾಗುತ್ತದೆ, ಇನ್ನೊಂದರಲ್ಲಿ ತುದಿ ಬೆಳೆಯುತ್ತದೆ ಎಂಬ ನಿಯಮವನ್ನು ಮಕ್ಕಳೇ ಹೇಳುವಂತಾದ ಮೇಲೆ ಪಾರಿಭಾಷಿಕ ಹೆಸರುಗಳನ್ನು ಕೊಟ್ಟರೆ ಅವು ನೆಲೆನಿಲ್ಲುತ್ತವೆ.

ವಾಕ್ಯದ ಬಗೆಯನ್ನು ಗುರುತಿಸಿ ಹೆಸರಿಸುವುದರಿಂದ ಪರೀಕ್ಷೆಯಲ್ಲಿ ಅಂಕ ದೊರೆಯಬಹುದು. ಆದರೆ ಮುಂದೆ ಬೇರೆ ಮಾಧ್ಯಮದ ತರಗತಿಯಲ್ಲಿ ಕುಳಿತಾಗ, ಅರ್ಥವಾಗದ್ದನ್ನು ಎದ್ದುನಿಂತು ಕೇಳಲು ಬೇಕಾದುದು ಪ್ರಶ್ನೆಯನ್ನು ಕಟ್ಟುವ ಶಕ್ತಿ. ಆ ಶಕ್ತಿಯ ಬೇರು ಮನೆಮಾತಿನಲ್ಲಿದೆ. ಕನ್ನಡದ ವಾಕ್ಯವನ್ನು ಬಲ್ಲ ಶಿಕ್ಷಕರು ಇಂಗ್ಲಿಷಿನ ವಾಕ್ಯವನ್ನು ಸುಲಭವಾಗಿ ತಿಳಿಸಿಕೊಡಬಲ್ಲರು. ಗಡಿನಾಡ ಕನ್ನಡ ಶಾಲೆಯ ಬಲವಿರುವುದು ಇಲ್ಲಿಯೇ.