ತೋಳಿನ ಲೆಕ್ಕ

ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಭೂಮಿ. ಕಾಯಕಕ್ಕೆ ಹಿರಿಮೆ ತಂದವರ ನೆಲ. ಆ ‘ಕಾಯಕ’ದೊಳಗೆ ‘ಕಾಯ’ವಿದೆಯೆಂಬುದನ್ನು ನಾವು ಮರೆಯುತ್ತೇವೆ.

ವೇಗದ ಬೌಲರರ ಬಾಳಿನಲ್ಲಿ ಈ ಮರೆವಿನ ಬೆಲೆ ಕಾಣುತ್ತದೆ. ಮೈಸೂರಿನ ಜಾವಗಲ್ ಶ್ರೀನಾಥರು 67 ಟೆಸ್ಟುಗಳಲ್ಲಿ 236 ವಿಕೆಟ್ಟುಗಳನ್ನು ಪಡೆದರು. ಆದರೆ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೊಳಗಾಗಿ ತಿಂಗಳುಗಟ್ಟಲೆ ಆಟ ಬಿಡಬೇಕಾಯಿತು. 2025ರ ಇಂಗ್ಲೆಂಡ್ ಪ್ರವಾಸದ ಐದು ಟೆಸ್ಟುಗಳಲ್ಲಿ ಜಸ್‌ಪ್ರೀತ್ ಬುಮ್ರಾ ಆಡಿದ್ದು ಮೂರೇ. ಮೊದಲೇ ಗೊತ್ತುಮಾಡಿದ ಆ ಮಿತಿಗೆ ಹಲವರು ಮೂಗು ಮುರಿದರು.

ಅಮೆರಿಕದ ಬೇಸ್‌ಬಾಲಿನಲ್ಲಿಯೂ ಇದೇ ಚಿಂತೆ. ಅಲ್ಲಿನ ದೊಡ್ಡ ಲೀಗಿನಲ್ಲಿ ಒಂದು ತಂಡಕ್ಕೆ ವರ್ಷಕ್ಕೆ 162 ಪಂದ್ಯಗಳು. ನಡುವೆ ಇಳಿಯುವ ಬದಲಿ ಎಸೆತಗಾರನು ಮೈಕಾಯಿಸಿಕೊಳ್ಳಲು ಎಸೆದ ಚೆಂಡುಗಳು ಆಟದ ಲೆಕ್ಕಕ್ಕೆ ಸೇರವು. ತೋಳು ಮಾತ್ರ ಅವನ್ನೂ ಎಣಿಸಿರುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಬಯಲಿನಲ್ಲಿ ಓಡಿಬಂದು ಚೆಂಡೆಸೆಯುವ ಹುಡುಗನಿಗೂ ಈ ಮಾತು ಸಲ್ಲುತ್ತದೆ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಒಂದು ಪಂದ್ಯ, ಸಂಜೆ ಮತ್ತೊಂದು: ಅವನ ಎಸೆತಗಳನ್ನು ಎಣಿಸುವವರಾರು? ನಡುಹಗಲು ನೊಗವಿಳಿಸಿ ಎತ್ತಿಗೆ ನೀರು ಕುಡಿಸುವ ಒಕ್ಕಲುಮಗನು ಮೈಗಳ್ಳನಲ್ಲ; ನಾಳೆಯೂ ಉಳಬೇಕೆಂದು ಬಲ್ಲವನು.

ಆಟದ ಮಾಸ್ತರರು ವಿಕೆಟ್ಟುಗಳೊಡನೆ ಅಭ್ಯಾಸದ ಎಸೆತಗಳನ್ನೂ ದಿನದಿನವೂ ಬರೆದಿಡಲಿ. ಒಂದು ಕಪ್ಪಿಗಾಗಿ ಎಳೆಯ ಹೆಗಲನ್ನು ಸವೆಸುವುದು, ಬಿತ್ತುವ ಬೀಜವನ್ನೇ ಕುಟ್ಟಿ ಉಂಡಂತೆ.